ಕಾಯಿಲೆಯಲ್ಲಿ ನಾನು ನಪಾಸಾದದ್ದು

ಅಂಗವಿಕಲರ ಪ್ರಮಾಣಪತ್ರ ಮಾಡಿಸುವುದು ನೀರು ಕುಡಿದಷ್ಟು ಸುಲಭ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಕಾಯಿಲೆ ನನ್ನದು, ಅನುಭವ ನನ್ನದು, ಕೇಳುವವರು ಡಾಕ್ಟರು. ಎಲ್ಲಾ ಉತ್ತರ ಗೊತ್ತಿರುವ ಪರೀಕ್ಷೆಗೆ ಯಾರಾದರೂ ಹೆದರುತ್ತಾರೆಯೇ?

ನನಗಿರುವುದು ಖಿನ್ನತೆ. ಕೈಕಾಲು ಗಟ್ಟಿ ಇವೆ, ಮನಸ್ಸು ಮಾತ್ರ ಮೇಲೇಳುವುದಿಲ್ಲ. ಮೊದಲು ತಿಕೋಟಾದ ಒಬ್ಬ ಸಾಹುಕಾರರ ಮಣೂಕದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಒಂದು ಮಧ್ಯಾಹ್ನ ಆ ಮಣೂಕದ, ಅಂದರೆ ಒಣದ್ರಾಕ್ಷಿಯ, ರಾಶಿ ನೋಡುತ್ತ ಕೂತವನಿಗೆ ಪೆನ್ನು ಎತ್ತಲಾಗಲಿಲ್ಲ. ಮರುದಿನವೂ ಆಗಲಿಲ್ಲ. ಸಾಹುಕಾರರು ಒಳ್ಳೆಯವರು, ಬಹಳ ದಿನ ಕಾದರು, ಆಮೇಲೆ ಬೇರೆಯವರನ್ನು ಇಟ್ಟುಕೊಂಡರು. ಈಗ ಬಬಲೇಶ್ವರದ ನಮ್ಮ ಮನೆ ನಡೆಯುವುದು ಹೆಂಡತಿ ಮಹಾದೇವಿಯ ಹೊಲಿಗೆ ಮೆಷಿನ್ನಿನಿಂದ. ಅದು ಟಕಟಕ ಓಡುತ್ತಿರುತ್ತದೆ, ನಾನು ಗುಳಿಗೆಯ ಮಂಪರಿನಲ್ಲಿ ತೇಲುತ್ತಿರುತ್ತೇನೆ. ಪ್ರಮಾಣಪತ್ರ ಸಿಕ್ಕು ಸರಕಾರದ ಪಿಂಚಣಿ ಬಂದರೆ ಗುಳಿಗೆಯ ಖರ್ಚಾದರೂ ಅವಳ ತಲೆಯ ಮೇಲಿಂದ ಇಳಿಯುತ್ತದೆ ಎಂಬುದೊಂದೇ ನನ್ನ ಆಸೆ.

ವಿಜಯಪುರದ ದವಾಖಾನೆಗೆ ಹೋಗುವ ದಿನ ಬಂತು. ನನ್ನ ಬೆಳೆದ ಗಡ್ಡ ನೋಡಿ ಮಹಾದೇವಿ ಗಾಬರಿಯಾದಳು.

“ದೊಡ್ಡ ಮಂದಿ ಮುಂದ ಹೋಗೋದೈತಿ. ಹಿಂಗ ಹೋದ್ರ ನನಗ ಏನಂತಾರ್ರಿ?”

ಗಡ್ಡ ಹೋಯಿತು. ತಲೆಗೆ ಎಣ್ಣೆ ಬಂತು. ಅವಳೇ ಹೊಲಿದ ಬಿಳಿ ಅಂಗಿಗೆ ಇಸ್ತ್ರಿ ಬಿತ್ತು. ಪಕ್ಕದ ಮನೆಯ ಮೆಹಬೂಬ ಚಾಚಾ ಅತ್ತರಿನ ಶೀಶೆ ಹಿಡಿದೇ ಬಂದು ನನ್ನ ಎರಡೂ ಮುಂಗೈಗೆ ಹಚ್ಚಿದರು. “ಹೋಗಿ ಬಾ ತಮ್ಮಾ, ದಿಲ್ ಬಿಚ್ಚಿ ಎಲ್ಲಾ ಹೇಳು” ಎಂದು ಹರಸಿದರು. ಕನ್ನಡಿ ನೋಡಿಕೊಂಡೆ. ಕಾಯಿಲೆಯವನು ಎಲ್ಲಿದ್ದಾನೆ? ಅಲ್ಲಿ ನಿಂತಿದ್ದವನು ಹೆಣ್ಣು ನೋಡಲು ಹೊರಟ ವರ!

ಬಸ್ಸಿನಲ್ಲಿ ಮಹಾದೇವಿ ಪಾಠ ಒಪ್ಪಿಸಿಕೊಂಡಳು.

“ನಿದ್ದಿ ಬರತೈತೇನ ಅಂದ್ರ?”

“ಬರಂಗಿಲ್ಲ.”

“ಊಟ?”

“ಸೇರಂಗಿಲ್ಲ.”

“ಮಂದಿ ಕೂಡ ಮಾತು?”

“ಬ್ಯಾಡ ಅನಸತೈತಿ.”

“ಶಾಣ್ಯಾ ಅದೀರಿ” ಎಂದಳು. ಬೆಳಗಿನ ಗುಳಿಗೆ ಅಷ್ಟರಲ್ಲಿ ತನ್ನ ಕೆಲಸ ಶುರು ಮಾಡಿತ್ತು. ಕಿಟಕಿಯ ಹೊರಗೆ ದ್ರಾಕ್ಷಿ ತೋಟಗಳು ಮಂಜಿನಲ್ಲಿ ನಿಧಾನ ಈಜುತ್ತಿದ್ದವು. ಬಸ್ಸು ರಸ್ತೆಯ ಮೇಲೆ ಹೋಗುತ್ತಿದೆಯೋ ನೀರಿನ ಮೇಲೆ ಹೋಗುತ್ತಿದೆಯೋ ತಿಳಿಯಲಿಲ್ಲ. ಡಾಕ್ಟರು ನನ್ನ ಬೆನ್ನು ತಟ್ಟಿ ಪ್ರಮಾಣಪತ್ರ ಕೊಟ್ಟ ಹಾಗೆ, ಮಹಾದೇವಿ ಮೆಷಿನ್ ಮುಚ್ಚಿಟ್ಟು ಅಂಗಳದಲ್ಲಿ ಚಹಾ ಕುಡಿಯುತ್ತ ಕೂತ ಹಾಗೆ ಕನಸು ಬಿತ್ತು. ಅವಳ ಭುಜದ ಮೇಲೆ ನನ್ನ ಎಣ್ಣೆ ತಲೆಯಿಟ್ಟು ವಿಜಯಪುರ ಬರುವವರೆಗೂ ಮಲಗಿದೆ.

ದವಾಖಾನೆಯಲ್ಲಿ ನಮ್ಮ ಹೆಸರು ಕೂಗಿದರು. ತಲೆ ನರೆತ, ಮೆತ್ತನೆಯ ದನಿಯ ಡಾಕ್ಟರು ನನ್ನನ್ನು ನೋಡಿ ನಕ್ಕರು.

“ಬರ್ರಿ, ಕುಂದರ್ರಿ. ಆರಾಮ ಅದೀರಿ?”

ನಮ್ಮ ಕಡೆ ಈ ಪ್ರಶ್ನೆಗೆ ಇರುವುದು ಒಂದೇ ಉತ್ತರ. ಮೈಮೇಲೆ ಲಾರಿ ಹಾದುಹೋಗಿದ್ದರೂ ಅದೇ ಉತ್ತರ.

“ಆರಾಮ ಅದೀನ್ರಿ ಸಾಹೇಬ್ರ! ನೀವು ಆರಾಮ?”

ಮಹಾದೇವಿ ಮೇಜಿನ ಕೆಳಗೆ ನನ್ನ ತೊಡೆ ಚಿವುಟಿದಳು.

“ರಾತ್ರಿ ನಿದ್ದಿ ಹೆಂಗೈತ್ರಿ?”

ಇಷ್ಟು ವಿಶ್ವಾಸದಿಂದ ಕೇಳುವ ಹಿರಿಯರ ಮನಸ್ಸು ನೋಯಿಸುವುದೇ? “ನಿಮ್ಮ ಆಶೀರ್ವಾದ, ಭೇಷ್ ಬರತೈತ್ರಿ” ಎಂದೆ.

“ಊಟ?”

“ಒಂದ ರೊಟ್ಟಿ ಹೆಚ್ಚಿಗೇನ ತಿಂತೇನ್ರಿ!” ಹೆಚ್ಚಿನ ರೊಟ್ಟಿಯ ಬಗ್ಗೆ ಯಾರಾದರೂ ಕೇಳಿದ್ದರೇ?

ನನ್ನ ದನಿ ಪಕ್ಕದ ಮನೆಯ ರೇಡಿಯೋದಂತೆ ದೂರದಿಂದ ನನಗೇ ಕೇಳುತ್ತಿತ್ತು. ಕಿಟಕಿಯ ಮೇಲೊಂದು ಪಾರಿವಾಳ ಕಣ್ಣು ಮುಚ್ಚಿ ಕೂತಿತ್ತು. ನಿಜವಾದ ನಾನು ಅದರ ಪಕ್ಕದಲ್ಲಿ ಕೂತು, ಕೆಳಗೆ ಬಿಳಿ ಅಂಗಿಯವನೊಬ್ಬ ಬಾಯಿಗೆ ಬಂದದ್ದು ಒದರುವುದನ್ನು ನೋಡುತ್ತಿದ್ದೆ.

“ಮಂದಿ ಕೂಡ ಮಾತಾಡ್ತೀರಿ?”

“ಅಯ್ಯ, ಮಾತಿಗೇನ ಬರಗಾಲ್ರಿ! ಒಮ್ಮಿ ಬಬಲೇಶ್ವರಕ್ಕ ಬರ್ರಿ ಸಾಹೇಬ್ರ, ನಮ್ಮ ಮನ್ಯಾಗ ಊಟಾ ಮಾಡೀರಂತ.”

ಪರೀಕ್ಷಕರನ್ನು ಊಟಕ್ಕೂ ಕರೆದಾಯಿತು!

ಡಾಕ್ಟರು ನನ್ನ ದಪ್ಪ ಫೈಲು ನೋಡಿದರು, ನನ್ನ ಮುಖ ನೋಡಿದರು. ನನ್ನನ್ನು ಹೊರಗೆ ಕಳಿಸಿ ಮಹಾದೇವಿಯನ್ನು ಮಾತ್ರ ಕೂರಿಸಿಕೊಂಡರು. ನನಗೆ ಜೀವ ಬಂತು. ಸ್ಟೇಷನ್ ರಸ್ತೆಯ ಬಟ್ಟೆ ಅಂಗಡಿಯವರನ್ನೇ ಮಾತಿನಲ್ಲಿ ಮಣಿಸುವ ಹೆಂಗಸು ಅವಳು, ಇದ್ದದ್ದು ಇದ್ದಂತೆ ಹೇಳಿ ಕೆಲಸ ಮುಗಿಸುತ್ತಾಳೆ ಎಂದು ಪರದೆಯ ಹಿಂದೆ ಕಿವಿಗೊಟ್ಟು ನಿಂತೆ.

“ಮನ್ಯಾಗ ಹೆಂಗಿರ್ತಾರವಾ? ಅಂಜಬ್ಯಾಡ, ಹೇಳು.”

ಒಳಗೆ ಬಳೆಗಳ ಸದ್ದಾಯಿತು. ಆಮೇಲೆ ಕೇಳಿದ್ದು ಇದು.

“ದೇವರಂಥಾ ಮನಷ್ಯಾರಿ.”

“ಕೆಲಸಾ ಏನರ ಮಾಡ್ತಾರ?”

“ಮನಿ ಕೆಲಸಾ ಎಲ್ಲಾ ಅವರ ಮಾಡ್ತಾರ್ರಿ!”

ನಾನು ಪರದೆ ಹಿಡಿದುಕೊಂಡೆ. ಮನೆಯಲ್ಲಿ ನಾನು ಮಾಡುವ ಮುಖ್ಯ ಕೆಲಸ ಗೋಡೆ ನೋಡುವುದು.

ಕೊನೆಗೆ ಡಾಕ್ಟರು ನಮ್ಮಿಬ್ಬರನ್ನೂ ಕರೆದರು. “ಫೈಲ್ ಒಂದ ಹೇಳತೈತಿ, ನೀವಿಬ್ಬರೂ ಇನ್ನೊಂದ ಹೇಳ್ತೀರಿ. ನಾ ಏನಂತ ಬರೀಲಿ?” ಎಂದು ನಿಟ್ಟುಸಿರು ಬಿಟ್ಟರು. ಪಿಂಚಣಿಗೆ ನಲವತ್ತು ಪರ್ಸೆಂಟ್ ಅಂಗವಿಕಲತೆ ಬೇಕಂತೆ. ನನಗೆ ಬಂದದ್ದು ಮೂವತ್ತು. ಸಾಲಿಯಲ್ಲಿ ಗಣಿತದಲ್ಲಿ ಫೇಲಾದಾಗ ತಪ್ಪನ್ನು ಮಾಸ್ತರರ ಮೇಲೆ ಹಾಕಿದ್ದೆ. ಈ ಸಲ ಯಾರ ಮೇಲೆ ಹಾಕಲಿ?

ಹೊರಗಿನ ಬೆಂಚಿನ ಮೇಲೆ ರೊಟ್ಟಿ ಗಂಟು ಬಿಚ್ಚಿ ಕೂತು ಜಗಳಾಡಿದೆವು.

“ಊಟಕ್ಕ ಕರೀತೀರಲ್ರಿ, ಏನ ಬೀಗರೇನ ಅವರು?”

“ನಿನಗೇನ ಆಗಿತ್ತು? ಮನಿ ಕೆಲಸಾ ನಾ ಮಾಡ್ತೇನೇನ?”

“ಮಂದಿ ಮುಂದ ಗಂಡನ್ನ ಹೆಂಗ ತಗದ ಹೇಳ್ಲಿ? ಬಾಯೇ ಬರಲಿಲ್ಲ.”

“ಹಂಗಾದ್ರ ಈಗ ನನ್ನ ಮುಂದ ಹೇಳು.”

ಅವಳು ರೊಟ್ಟಿ ಮುರಿಯುತ್ತ ಹೇಳತೊಡಗಿದಳು. “ಹೇಳ್ಲಿ? ಎಷ್ಟೋ ದಿನ ಜಳಕಾ ಮಾಡಂಗಿಲ್ಲ. ರಾತ್ರಿ ಎದ್ದ ಕುಂದರತೀರಿ. ನನಗ ಎಚ್ಚರ ಆಗಬಾರ್ದಂತ ಉಸರ ಬಿಗಿ ಹಿಡೀತೀರಿ. ನಾನೂ ಮಲಗಿದಂಗ ಮಾಡ್ತೇನಿ. ಹಗಲೊತ್ತು ನೀವು ಹಿತ್ತಲಕ್ಕ ಹೋಗಿ ತಡಾ ಮಾಡಿದ್ರ, ಮೆಷಿನ್ ನಿಲ್ಲಿಸಿ ನಿಮ್ಮ ಸಪ್ಪಳ ಕೇಳ್ತೇನಿ. ಸಪ್ಪಳ ಬಂದ ಮ್ಯಾಲೇನ ಮತ್ತ ಹೊಲೀತೇನಿ.”

ನನ್ನ ಕೈಯೊಳಗಿನ ರೊಟ್ಟಿ ಹಾಗೇ ಉಳಿಯಿತು. ಅವಳಿಗೆ ಏನೂ ಗೊತ್ತಿಲ್ಲ ಎಂದುಕೊಂಡು ನಾನು ಇಷ್ಟು ವರ್ಷ ನೆಮ್ಮದಿಯಾಗಿದ್ದೆ. ಇಬ್ಬರೂ ಅಕ್ಕಪಕ್ಕ ಮಲಗಿ ಒಬ್ಬರಿಗೊಬ್ಬರು ನಿದ್ದೆಯ ನಾಟಕ ಆಡುತ್ತಿದ್ದೆವು. ನನಗೆ ಅಳು ಬಂತು, ಅವಳಿಗೂ ಬಂತು.

ಚಹಾಕ್ಕೆಂದು ಹೊರಬಂದ ಡಾಕ್ಟರು ನಮ್ಮ ಮುಂದೆಯೇ ನಿಂತಿದ್ದರು.

“ಇದನ್ನ ಒಳಗ ಹೇಳಾಕ ಏನಾಗಿತ್ತವಾ?” ಎಂದರು. “ಮತ್ತೊಮ್ಮಿ ಅರ್ಜಿ ಹಾಕ್ರಿ. ಆದ್ರ ಇಬ್ಬರೂ ಖರೇ ಹೇಳೂದ ಕಲ್ತ ಬರ್ರಿ.”

ಅಂದಿನಿಂದ ನಮ್ಮ ಮನೆಯಲ್ಲಿ ಖರೇ ಹೇಳುವ ಟ್ಯೂಷನ್ ನಡೆದಿದೆ. ನಿನ್ನೆ ಸಂಜೆ ಹಳದಿ ಬಿಸಿಲು ಮೆಷಿನ್ನಿನ ಮೇಲೆ ಮಲಗಿದ್ದಾಗ ಮಹಾದೇವಿ ಡಾಕ್ಟರಾಗಿ ಕೂತಳು.

“ರಾತ್ರಿ ನಿದ್ದಿ ಬರತೈತೇನ್ರಿ?”

ಕಣ್ಣು ಮುಚ್ಚಿ ಧೈರ್ಯ ತಂದುಕೊಂಡೆ. “ಇಲ್ಲ. ಬರಂಗಿಲ್ಲ. ಭಾಳ ಅಂಜಿಕಿ ಬರತೈತಿ.”

ಪೂರ್ತಿ ಖರೇ! ಪೂರ್ತಿ ಮಾರ್ಕ್ಸ್! ಹೆಮ್ಮೆಯಿಂದ ಕಣ್ಣು ತೆರೆದೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

“ಏ, ಅಳಬ್ಯಾಡ, ಸುಮ್ನ ಅಂದೆ. ಭೇಷ್ ನಿದ್ದಿ ಬರತೈತಿ!” ಎಂದುಬಿಟ್ಟೆ.

ಮತ್ತೆ ಫೇಲ್!