ಹುದ್ದೆಗೆ ತಕ್ಕ ಉತ್ತರ ದಿಕ್ಕು

ಭೂಮಾಪನ ಕಚೇರಿಯ ಸಮಸ್ತ ಸಿಬ್ಬಂದಿಗೆ ದಿಕ್ಸೂಚಿಯುಳ್ಳ ಡಿಜಿಟಲ್ ವಾಚುಗಳನ್ನು ವಿತರಿಸಲಾಯಿತು. ಅಂದಿನಿಂದ ಉತ್ತರ ದಿಕ್ಕು ಇಲಾಖೆಯ ಸ್ವತ್ತಾಯಿತು.

ವಾಚಿನ ಕೈಪಿಡಿಯಲ್ಲಿ ಒಂದು ಸಣ್ಣ ಸೂಚನೆಯಿತ್ತು. ದಿಕ್ಸೂಚಿ ತೋರಿಸುವ ಉತ್ತರ ಬೇರೆ, ನಿಜವಾದ ಉತ್ತರ ಬೇರೆ. ನಡುವಿನ ವ್ಯತ್ಯಾಸವನ್ನು ಊರಿಗೆ ತಕ್ಕಂತೆ ಇಷ್ಟು ಡಿಗ್ರಿ ಎಂದು ವಾಚಿಗೆ ತುಂಬತಕ್ಕದ್ದು. 'ಊರಿಗೆ ತಕ್ಕಂತೆ' ಎಂಬುದು ಕಚೇರಿಯ ಶಿಸ್ತಿಗೆ ಒಗ್ಗದ ಕಾರಣ ಮೇಲಧಿಕಾರಿಗಳು ಅದನ್ನು 'ಹುದ್ದೆಗೆ ತಕ್ಕಂತೆ' ಎಂದು ತಿದ್ದುಪಡಿ ಮಾಡಿದರು. ಜವಾನನಿಗೆ ಸೊನ್ನೆ, ಗುಮಾಸ್ತನಿಗೆ ಎರಡು, ಸರ್ವೆಯರನಿಗೆ ಐದು, ಮೇಲಧಿಕಾರಿಗಳಿಗೆ ಹದಿನೈದು. ಗುಮಾಸ್ತರ ಸಂಘ ಇನ್ನೊಂದು ಡಿಗ್ರಿಗಾಗಿ ಧರಣಿ ಕೂತು, ಅರ್ಧ ಡಿಗ್ರಿ ಗಿಟ್ಟಿಸಿಕೊಂಡು ಎದ್ದಿತು.

ಅಷ್ಟರಲ್ಲಿ ಹೊಸ ರಸ್ತೆಯೊಂದನ್ನು ನೇರ ಉತ್ತರಕ್ಕೆ ಎಳೆಯಬೇಕಾಗಿ ಬಂತು. ಯಾರ ಉತ್ತರ ಎಂಬ ಪ್ರಶ್ನೆಯೇ ಏಳಲಿಲ್ಲ. ಮೇಲಧಿಕಾರಿಗಳು ಮುಂಗೈ ಚಾಚಿದ ಕಡೆಗೆಲ್ಲ ಸರ್ವೆಯರ್ ಗೂಟ ಹೊಡೆಯುತ್ತ ಹೋದ. ಒಂದು ಗೂಟ ದರ್ಜಿ ಅಕ್ಕನ ಅಡುಗೆಮನೆಯಲ್ಲಿ, ಒಲೆಯ ಪಕ್ಕಕ್ಕೇ ಬಿತ್ತು.

"ಏನಪ್ಪಾ ಇದು? ರಸ್ತೆ ಆ ಖಾಲಿ ಜಾಗದಲ್ಲಿ ಅಂತ ಹೋದ ವರ್ಷ ನೀನೇ ಹೇಳಿದ್ದೆಯಲ್ಲ?"

"ಆಗ ವಾಚ್ ಇರ್ಲಿಲ್ಲ, ಅಕ್ಕಾ."

"ಸೂರ್ಯ ದಿನಾ ಈ ಕಿಟಕೀಲೇ ಹುಟ್ತಾನೆ. ಅವನನ್ನ ನೋಡಿ ಉತ್ತರ ಯಾವ ಕಡೆ ಅಂತ ಹೇಳು."

"ಅವನು ನಮ್ಮ ಇಲಾಖೆಯವನಲ್ಲ."

"ಮನೆ ಒಡೆದ್ರೆ ಹೊಲಿಗೆ ಮೆಷಿನ್ ಎಲ್ಲಿಡ್ಲಿ, ನಿನ್ನ ತಲೆ ಮೇಲಾ?"

ಸರ್ವೆಯರ್ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಒಂದು ದಾರಿ ಇದೆ. ಸಾಹೇಬರಿಗೆ ಬಡ್ತಿ ಸಿಕ್ಕಿದ್ರೆ ಇಪ್ಪತ್ತು ಡಿಗ್ರಿ. ಆಗ ರಸ್ತೆ ನಿಮ್ಮ ಮನೆ ಬಿಟ್ಟು ಆಚೆ ಹೋಗುತ್ತೆ."

ಅಕ್ಕ ತಡಮಾಡಲಿಲ್ಲ. ತನ್ನ ಮನೆ ಒಡೆಸಲು ಹೊರಟ ಸಾಹೇಬರಿಗೇ ಬೀದಿಯವರನ್ನೆಲ್ಲ ಸೇರಿಸಿ ಸನ್ಮಾನ ಮಾಡಿಸಿದಳು. ಮುಂದಿನ ಹುದ್ದೆಯ ಅಳತೆಗೆ, ಭುಜ ಅಗಲವಾದ ಕೋಟೊಂದನ್ನು ಹೊಲಿದು ತೊಡಿಸಿದಳು. ಬಡ್ತಿ ಕೊಡಬೇಕಾದ ಸಚಿವರೆದುರು ಸಾಹೇಬರು ಅದನ್ನು ತೊಟ್ಟು ನಿಂತಾಗ, ಹಳೆಯ ಹುದ್ದೆ ಅವರಿಗೆ ಬಿಗಿಯಾಗುತ್ತಿರುವುದು ಎಲ್ಲರ ಕಣ್ಣಿಗೂ ಬಿತ್ತು.

ಬಡ್ತಿ ಬಂತು. ಉತ್ತರ ದಿಕ್ಕು ನಿಯಮಾನುಸಾರ ಸರಿಯಿತು. ಅಕ್ಕನ ಒಲೆಯ ಬಳಿಯ ಗೂಟ ಕಿತ್ತು ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ಹಜಾರದಲ್ಲಿ ನೆಟ್ಟರು.

ಜೀವನವಿಡೀ ಭೂಗೋಳ ಪಾಠ ಮಾಡಿದ್ದ ಮೇಷ್ಟ್ರು ಅದೇ ಸಂಜೆ ಅಕ್ಕನ ಬಾಗಿಲಲ್ಲಿ ನಿಂತಿದ್ದರು.

"ತಂಗೀ, ಸಾಹೇಬರಿಗೆ ಇನ್ನೊಂದು ಕೋಟು ಹೊಲಿದು ಕೊಡ್ತೀಯಾ? ಸ್ವಲ್ಪ ದೊಡ್ಡದು."

ಅಕ್ಕ ಕೊರಳಲ್ಲಿದ್ದ ಟೇಪು ಎಳೆದುಕೊಂಡಳು.

"ಎಷ್ಟು ಡಿಗ್ರಿಗೆ ಹೊಲೀಲಿ, ಮೇಷ್ಟ್ರೇ?"