ಸಂದಿರಾಯರು ಜಾಗ ಮಾಡಿಕೊಟ್ಟಿದ್ದು

ಈಗ ಯಾರಾದರೂ ಕಂಪ್ಯೂಟರನ್ನು ಬೈದರೆ ಸಂದಿರಾಯರಿಗೆ ಸಿಟ್ಟು ಬರುತ್ತದೆ. "ಅದಕ್ಕೇನೂ ಅನ್ಬೇಡ್ರಿ, ಅದರ ಉಪಕಾರ ನಮ್ಮ ಮನೆ ಮೇಲೆ ಬಹಳ ಇದೆ" ಎಂದು ಅದರ ಪರವಾಗಿ ವಾದಕ್ಕೆ ನಿಲ್ಲುತ್ತಾರೆ. ಆದರೆ ಈ ಕೃತಜ್ಞತೆ ಹುಟ್ಟುವ ಮೊದಲು ಅವರಿಗೆ ಅದರ ಮೇಲೆ ಇದ್ದದ್ದು ಒಂದೇ ದೂರು. ಸ್ವಂತ ಮನೆಯ ಕಂಪ್ಯೂಟರಿನೊಳಗೆ ಸ್ವಂತ ಯಜಮಾನನಿಗೆ ಅಂಗೈಯಗಲ ಜಾಗವಿರಲಿಲ್ಲ.

ಸಂದಿರಾಯರು ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಜೊತೆ ಕೆಲಸದವರು ಕೊಟ್ಟ ಬಿರುದು. ಮನೆ ಬದಲಾಯಿಸುವವರ ಸಾಮಾನು ಸಾಗಿಸುವ ಕಂಪನಿಯಲ್ಲಿ ಅವರು ಪ್ಯಾಕಿಂಗ್ ಮೇಲ್ವಿಚಾರಕರು. ಲಾರಿಯಲ್ಲಿ ಎಲ್ಲಾದರೂ ಒಂದು ಸಂದಿ ಖಾಲಿ ಕಂಡರೆ ಅವರಿಗೆ ಅನ್ನ ಸೇರುವುದಿಲ್ಲ. ಬೀರುವಿನೊಳಗೆ ಹಾಸಿಗೆ, ಹಾಸಿಗೆಯೊಳಗೆ ಫ್ಯಾನು, ಫ್ಯಾನಿನ ರೆಕ್ಕೆಗಳ ನಡುವೆ ಚಪ್ಪಲಿ, ಹೀಗೆ ದೊಡ್ಡ ಮನೆಯೊಂದನ್ನು ಸಣ್ಣ ಲಾರಿಗೆ ತುರುಕಿ ಬಾಗಿಲು ಹಾಕಿದಾಗ ಅವರ ಮುಖದಲ್ಲಿ ಕಾಣುವ ತೃಪ್ತಿ ತಪಸ್ವಿಗಳಿಗೂ ಸಿಕ್ಕಿರಲಾರದು. (ಒಮ್ಮೆ ಕುರ್ಚಿಯಲ್ಲಿ ಕೂತು ತೂಕಡಿಸುತ್ತಿದ್ದ ಮನೆಯ ತಾತನನ್ನೂ ಕುರ್ಚಿ ಸಮೇತ ಸುತ್ತಲು ಹೋಗಿದ್ದರಂತೆ. ಇದು ಅವರಿಗಾಗದವರು ಹಬ್ಬಿಸಿದ ಸುದ್ದಿ ಎನ್ನುತ್ತಾರೆ ಅವರು.)

ಇಷ್ಟು ದೊಡ್ಡ ಕಲೆ ಲಾರಿಯ ಬಾಗಿಲ ಹಿಂದೆ ಮುಚ್ಚಿಹೋಗಬಾರದಲ್ಲ! ಆದ್ದರಿಂದ ರಾಯರು ಫೋನನ್ನು ಲಾರಿಯ ಎದುರಿನ ಕಂಬಕ್ಕೆ ಹಗ್ಗದಲ್ಲಿ ಬಿಗಿದು, ತಾವು ಸಾಮಾನು ಜೋಡಿಸುವುದನ್ನು ವಿಡಿಯೋ ಮಾಡಲು ಶುರುಮಾಡಿದರು. ಅರ್ಧ ದಿನದ ಕೆಲಸವನ್ನು ಎರಡೇ ನಿಮಿಷಕ್ಕೆ ಓಡಿಸಿ, ಹಿಂದೆ ಡೋಲು ಬಾರಿಸಿದರೆ ಮುಗಿಯಿತು, ಮಹಾಕಾವ್ಯ ಸಿದ್ಧ. ಅದನ್ನು ಮನೆಯ ಕಂಪ್ಯೂಟರಿಗೆ ಹಾಕಲು ಹೋದರೆ, 'ಜಾಗವಿಲ್ಲ' ಎಂದಿತು ಅದು. ಜಾಗವಿಲ್ಲ! ಯಾರಿಗೆ ಹೇಳುತ್ತಿದೆ ಈ ಮಾತನ್ನು?

ಜಾಗ ತಿಂದು ಕೂತದ್ದು ಅವರ ಹೆಂಡತಿಯ ಒಂದು ಫೋಟೋ. ಆಕೆ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಸೈನರ್. ಬಿಸ್ಕತ್ತಿನ ಪೊಟ್ಟಣ, ಸೋಪಿನ ರಟ್ಟು, ಯಾವುದರ ಮೇಲಿನ ಚಿತ್ರವಾದರೂ ಆಕೆಯ ಕೈಯಲ್ಲೇ ಆಗಬೇಕು. ಆಕೆಯ ತಾಯಿಗೆ, ಅಂದರೆ ರಾಯರ ಅತ್ತೆಗೆ, ಬರುವ ಭಾನುವಾರ ಎಪ್ಪತ್ತೈದು ತುಂಬುವುದಿತ್ತು. ಬಟ್ಟೆ ಬೇಡ, ಒಡವೆ ಬೇಡ, ಆ ಮುದುಕಿಗೆ ಬೇಕಾದದ್ದು ಒಂದೇ. "ನನ್ನ ಮಕ್ಕಳು ಎಲ್ಲಾರೂ ಒಟ್ಟಿಗೆ ಇರೋ ಒಂದು ಫೋಟೋ ಕೊಡ್ರಪ್ಪಾ. ಕಣ್ಣು ಚೆನ್ನಾಗಿರೋವಾಗ್ಲೇ ನೋಡ್ಕೋತೀನಿ."

ಕೇಳಲು ಸುಲಭ, ಕೊಡಲು ಕಷ್ಟ. ಹಿರಿಯ ಮಗನಿಗೆ ಲಾರಿಯೇ ಸಂಸಾರ, ರಸ್ತೆಯೇ ಮನೆ. ಕಿರಿಯ ಮಗಳು ನರ್ಸು, ಪಾಳಿ ಮುಗಿಯುವಷ್ಟರಲ್ಲಿ ಮತ್ತೊಂದು ಪಾಳಿ. ಕೊನೆಯ ಮಗ ಹಡಗಿನಲ್ಲಿ ಅಡುಗೆಯವನು, ನೆಲ ಕಾಣುವುದೇ ಅಪರೂಪ. ಒಬ್ಬರು ಬಂದಾಗ ಇನ್ನೊಬ್ಬರು ಇಲ್ಲ. ಹಾಗಾಗಿ ರಾಯರ ಹೆಂಡತಿ ಸಿಕ್ಕ ಸಿಕ್ಕವರನ್ನು ಸಿಕ್ಕ ಸಿಕ್ಕಾಗ ತಾಯಿಯ ಮನೆಯ ಸೋಫಾದ ಹತ್ತಿರ ನಿಲ್ಲಿಸಿ ಬೇರೆ ಬೇರೆ ಫೋಟೋ ತೆಗೆದು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದೇ ಚಿತ್ರವಾಗಿ ಹೊಂದಿಸುತ್ತಿದ್ದಳು. ಒಬ್ಬನ ಮೇಲೆ ಬೆಳಗಿನ ಬೆಳಕು, ಇನ್ನೊಬ್ಬಳ ಮೇಲೆ ಟ್ಯೂಬ್‌ಲೈಟು; ಎಲ್ಲರ ಮೇಲೂ ಒಂದೇ ಬಿಸಿಲು ಬೀಳಿಸಲು ತಿಂಗಳುಗಟ್ಟಲೆ ಹಿಡಿಯಿತು.

ಈ ಚಿತ್ರದಲ್ಲಿ ಒಬ್ಬೊಬ್ಬರದೂ ಒಂದೊಂದು ಲೇಯರು. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ. ಪ್ರತಿ ಲೇಯರಿನ ಪಕ್ಕದಲ್ಲೂ ಒಂದು ಪುಟ್ಟ ಕಣ್ಣಿನ ಗುರುತು. ಆ ಕಣ್ಣನ್ನು ಒತ್ತಿದರೆ ಅದು ಮುಚ್ಚಿಕೊಳ್ಳುತ್ತದೆ, ಆಸಾಮಿ ಮಾಯ. ಮತ್ತೆ ಒತ್ತಿದರೆ ಹಾಜರು. ಈ ಸಂಸಾರಕ್ಕೆ ಇದಕ್ಕಿಂತ ದೊಡ್ಡ ವರ ಬೇಕಿರಲಿಲ್ಲ. ಅಣ್ಣನಿಗೂ ನರ್ಸಿಗೂ ಫೋನಿನಲ್ಲೇ ಜಗಳವಾಗಿ, "ಅವಳಿರೋ ಫೋಟೋದಲ್ಲಿ ನಾನಿರಲ್ಲ" ಎಂದು ಅಣ್ಣ ಗುಡುಗಿದರೆ, ಆಕೆ ನರ್ಸಿನ ಕಣ್ಣು ಮುಚ್ಚಿ ಅಣ್ಣನಿಗೆ ಚಿತ್ರ ಕಳಿಸುತ್ತಿದ್ದಳು. ಅಣ್ಣನ ಕಣ್ಣು ಮುಚ್ಚಿ ನರ್ಸಿಗೆ. ಎರಡು ದಿನಕ್ಕೆ ರಾಜಿಯಾದರೆ ಇಬ್ಬರ ಕಣ್ಣೂ ತೆರೆಯುತ್ತಿತ್ತು. ಯಾವ ಹಿರಿಯರ ಪಂಚಾಯ್ತಿಯೂ ಇಷ್ಟು ಅಚ್ಚುಕಟ್ಟಾಗಿ ನಡೆದದ್ದಿಲ್ಲ.

ಆ ಬುಧವಾರ ಬೆಳಗ್ಗೆ ಆಕೆ ತಾಯಿಯ ಶಾಲಿನ ಅಂಚು ತಿದ್ದುತ್ತಿದ್ದಾಗ ರಾಯರು ಹಿಂದೆ ಬಂದು ನಿಂತರು.

"ಇನ್ನೂ ಮುಗಿದಿಲ್ವೇನೇ? ಆರು ಜನರನ್ನ ಅಂಟಿಸೋದಕ್ಕೆ ಇಷ್ಟು ತಿಂಗಳಾ? ನಾನಾಗಿದ್ರೆ ಅಷ್ಟರಲ್ಲಿ ಇಡೀ ಬೀದಿ ಖಾಲಿ ಮಾಡಿಸ್ತಿದ್ದೆ."

"ಹೌದೌದು. ಇದೂ ಬೀರು ಹೊರೋದೂ ಒಂದೇ ಅಲ್ವಾ ನಿಮ್ಮ ಪ್ರಕಾರ?"

"ಬೀರು ಕಷ್ಟ. ಇದಕ್ಕೆ ತೂಕಾನೇ ಇಲ್ಲ."

ಆಕೆ ಮೌಸನ್ನು ಒಮ್ಮೆ ಟಿಕ್ ಅನ್ನಿಸಿ, ಶಾಲಿನ ಅಂಚಿಗೆ ಮರಳಿದಳು. ವಾದದಲ್ಲಿ ತಾವು ಗೆದ್ದೆವೆಂದು ರಾಯರು ಹಿಗ್ಗಿದರು.

ಆಕೆ ಸ್ನಾನಕ್ಕೆ ಹೋದಳು. ರಾಯರಿಗೆ ಕೆಲಸಕ್ಕೆ ಹೊರಡಲು ಇನ್ನೂ ಹೊತ್ತಿತ್ತು. ಕಂಪ್ಯೂಟರಿನ ಮುಂದೆ ಕೂತರು. ಪರದೆಯ ತುಂಬ ಶಾಲಿನ ಅಂಚು ದೊಡ್ಡದಾಗಿ ಕಾಣುತ್ತಿತ್ತು, ಬೇರೇನಿಲ್ಲ. ಫೈಲಿನ ಗಾತ್ರ ನೋಡಿದರೆ ಎದೆ ಧಸಕ್ ಎಂದಿತು: ಅವರ ಅಷ್ಟೂ ಮಹಾಕಾವ್ಯಗಳಿಗಿಂತ ದಪ್ಪ! ಮೆನುವಿನಲ್ಲಿ ಹುಡುಕುತ್ತಾ ಹೋದಾಗ ಒಂದು ಪದ ಸಿಕ್ಕಿತು, 'ಫ್ಲ್ಯಾಟನ್', ಅಂದರೆ ಚಪ್ಪಟೆ ಮಾಡು. ರಾಯರ ಮೈ ಜುಮ್ಮೆಂದಿತು. ಗೋದಾಮಿನಲ್ಲಿ ದಿನಾ ಸಾಯಂಕಾಲ ಅವರು ಮಾಡಿಸುವುದೇ ಅದು. ಖಾಲಿ ರಟ್ಟಿನ ಡಬ್ಬಗಳನ್ನು ತುಳಿದು ಚಪ್ಪಟೆ ಮಾಡಿಸಿದರೆ ಒಂದು ಕೋಣೆಯ ಡಬ್ಬ ಒಂದು ಮೂಲೆಗೆ ಬರುತ್ತದೆ. ಕಂಪ್ಯೂಟರಿನವರಿಗೂ ಈ ವಿದ್ಯೆ ಗೊತ್ತಲ್ಲಾ, ಪರವಾಗಿಲ್ಲ!

ಒತ್ತಿದರು. 'ಮುಚ್ಚಿಟ್ಟ ಲೇಯರುಗಳನ್ನು ಎಸೆಯಲೇ?' ಎಂದು ಯಂತ್ರ ವಿನಯದಿಂದ ಕೇಳಿತು. ಯಾರ ಅಟ್ಟದ ಮೇಲೆ ಯಾರು ಏನು ಮುಚ್ಚಿಟ್ಟಿದ್ದರೂ ಅದು ಎಸೆಯುವ ವಸ್ತುವೇ ಎನ್ನುವುದು ರಾಯರ ವೃತ್ತಿಜೀವನದ ಸಾರ. ಧಾರಾಳವಾಗಿ 'ಹೂಂ' ಎಂದರು. ಫೈಲು ಒಂದೇ ಏಟಿಗೆ ಹತ್ತರಲ್ಲಿ ಒಂದು ಪಾಲಾಯಿತು. ಉಳಿಸಿದರು. ಖಾಲಿಯಾದ ಜಾಗದಲ್ಲಿ ಡೋಲು ಸಮೇತ ತಮ್ಮ ವಿಡಿಯೋಗಳನ್ನು ಒಪ್ಪವಾಗಿ ಜೋಡಿಸಿ, ಕೆಲಸಕ್ಕೆ ಹೊರಟರು.

ಸಾಯಂಕಾಲ ಹೆಂಡತಿಗೆ ಶುಭವಾರ್ತೆ ತಿಳಿಸಿದರು. "ಏನೇ, ನಿನ್ನ ಫೋಟೋನ ಚಪ್ಪಟೆ ಮಾಡಿಕೊಟ್ಟಿದ್ದೀನಿ ನೋಡಿದ್ಯಾ? ಎಷ್ಟು ಜಾಗ ಆಯ್ತು!"

ಆಕೆ ತರಕಾರಿ ಹೆಚ್ಚುತ್ತಿದ್ದವಳು ಚಾಕು ನಿಲ್ಲಿಸಿದಳು. ಕೂಗುತ್ತಾಳೆ ಎಂದುಕೊಂಡರೆ ಕೂಗಲಿಲ್ಲ. "ನೋಡಿದೆ. ಬೆಳಗ್ಗೇನೇ ಡಿಸ್ಕಿಗೆ ಹಾಕ್ಕೊಂಡು ಪ್ರೆಸ್ಸಿಗೆ ತಗೊಂಡು ಹೋದೆ. ಪ್ರಿಂಟಿಗೂ ಕೊಟ್ಟಾಯ್ತು. ತುಂಬಾ ಉಪಕಾರ ಆಯ್ತು ರೀ" ಎಂದಳು, ಮತ್ತೆ ಹೆಚ್ಚತೊಡಗಿದಳು. ಮದುವೆಯಾದಾಗಿನಿಂದ ಆಕೆ ಇಷ್ಟು ಮೃದುವಾಗಿ ಮಾತಾಡಿದ್ದನ್ನು ರಾಯರು ಕೇಳಿರಲಿಲ್ಲ. ಇದರಲ್ಲೇನೋ ಎಡವಟ್ಟಿದೆ ಎಂದು ಅವರಿಗೆ ಅನುಮಾನವಾಯಿತು.

ಮರುದಿನ ಊಟದ ಬಿಡುವಿನಲ್ಲಿ ಗೋದಾಮಿನ ಹಿಂದೆ ನಿಂತು ನರ್ಸ್ ನಾದಿನಿಗೆ ಫೋನು ಹಚ್ಚಿದರು.

"ಫ್ಲ್ಯಾಟನ್ ಮಾಡಿದ್ರಾ?" ಆಕೆ ಕಿರುಚಿದಳು. "ಅಯ್ಯೋ ಭಾವಾ! ಆಗ ಯಾರ ಕಣ್ಣು ಮುಚ್ಚಿತ್ತೋ ಅವರು ಹೋದ ಹಾಗೇನೇ. ಮತ್ತೆ ಬರಲ್ಲ. ಅಕ್ಕ ನನಗೇ ಹೇಳಿದಾಳೆ."

"ಹೋದ ಹಾಗೆ ಅಂದ್ರೆ?"

"ಸೋಫಾ ಇರತ್ತೆ, ಮನುಷ್ಯರು ಇರಲ್ಲ."

ರಾಯರ ಕಣ್ಣ ಮುಂದೆ ಭಾನುವಾರ ಬಂದು ನಿಂತಿತು. ಎಪ್ಪತ್ತೈದು ತುಂಬುವ ದಿನ ಆ ಮುದುಕಿ ಫೋಟೋ ಕೈಗೆತ್ತಿಕೊಂಡು ಒಂದೊಂದೇ ಮುಖ ಹುಡುಕಿ, ಒಬ್ಬ ಮಗನೋ ಮಗಳೋ ಇಲ್ಲದ್ದು ಕಂಡು ತಲೆಯೆತ್ತಿದರೆ? ಆ ಮುಖ ನೋಡುವ ಧೈರ್ಯ ಯಾರಿಗಿದೆ? ಹೆಂಡತಿಯನ್ನು ನೇರವಾಗಿ ಕೇಳಬಹುದಿತ್ತು. ಆದರೆ ಆ ಮೃದುವಾದ ದನಿಯನ್ನು ಇನ್ನೊಮ್ಮೆ ಕೇಳುವ ತಾಕತ್ತು ಅವರಲ್ಲಿರಲಿಲ್ಲ. ಉಳಿದದ್ದು ಒಂದೇ ದಾರಿ: ಬುಧವಾರ ಬೆಳಗ್ಗೆ ಹೆಂಡತಿಗೆ ಯಾರ ಮೇಲೆ ಸಿಟ್ಟಿತ್ತು ಎಂದು ಪತ್ತೆ ಮಾಡುವುದು.

"ನಿಮಗೂ ಅಕ್ಕನಿಗೂ ಏನಾದ್ರೂ ಜಗಳ ಆಗಿತ್ತೇನಮ್ಮಾ ನಿನ್ನೆ?" ಎಂದು ಫೋನಿನಲ್ಲಿದ್ದ ನಾದಿನಿಯನ್ನೇ ಮೊದಲು ಕೇಳಿದರು.

"ಇಲ್ಲಪ್ಪ, ನಾನೂ ಅಣ್ಣಾನೂ ಕೂಡ ಈಗ ರಾಜಿ."

ದೊಡ್ಡ ಭಾವನಿಗೆ ಹಚ್ಚಿದರು. ಲಾರಿಯ ಗದ್ದಲದ ನಡುವೆ ಆತ, "ಜಗಳಾನಾ? ಯಾಕೆ ರಾಯರೇ, ಅವಳೇನಾದ್ರೂ ಅಂದ್ಲಾ ನನ್ನ ಬಗ್ಗೆ? ಹೇಳಿ, ಏನಂದ್ಲು?" ಎಂದು ಏರಿಬಂದ. ಇಲ್ಲದ ಜಗಳವೊಂದು ಹುಟ್ಟುವುದರಲ್ಲಿತ್ತು. "ಇಲ್ಲ ಭಾವ, ಹೊಗಳ್ತಾ ಇದ್ಲು! ಬಾಯ್ತುಂಬ ಹೊಗಳ್ತಾ ಇದ್ಲು!" ಎಂದು ರಾಯರು ನೀರು ಹೊಯ್ದು ಆರಿಸಿದರು. ಹಡಗಿನ ಭಾವಮೈದ, "ಅಕ್ಕ ನನ್ನ ಜೊತೆ ಯಾವತ್ತು ಜಗಳ ಆಡಿದಾಳೆ ಭಾವ?" ಎಂದು ನಕ್ಕ. ಯಾರನ್ನೂ ಬಿಡಬಾರದೆಂದು ಕೊನೆಗೆ ಅತ್ತೆಯನ್ನೇ ವಿಚಾರಿಸಿದರು.

"ನನ್ನ ಮಗಳಿಗೆ ಸಿಟ್ಟು ಬರೋದೇ ಅಪರೂಪ ಅಳಿಯಂದಿರೇ. ಬಂದ್ರೂ ಬಾಯಿ ಬಿಡಲ್ಲ ಪಾಪ. ಅಂಥವಳು ಸಿಕ್ಕಿದ್ದು ನಿಮ್ಮ ಪುಣ್ಯ."

"ಹೌದು ಅತ್ತೆ, ಹೌದು" ಎಂದ ರಾಯರಿಗೆ ಕಣ್ಣಲ್ಲಿ ನೀರೇ ಬಂತು. ಎಲ್ಲರೂ ರಾಜಿಯಲ್ಲಿದ್ದಾರೆ. ಅಂದಮೇಲೆ ಯಾರ ಕಣ್ಣೂ ಮುಚ್ಚಿರಲಿಲ್ಲ. ಅಂದಮೇಲೆ ಎಲ್ಲರೂ ಫೋಟೋದಲ್ಲಿದ್ದಾರೆ! ಅವರು ಜೋಡಿಸಿಟ್ಟಿದ್ದ ರಟ್ಟಿನ ರಾಶಿಗೆ ಒರಗಿ ದೇವರಿಗೂ, ಕಂಪ್ಯೂಟರಿಗೂ, ಹೆಂಡತಿಯ ಶಾಂತ ಸ್ವಭಾವಕ್ಕೂ ಮನಸಾರೆ ಥ್ಯಾಂಕ್ಸ್ ಹೇಳಿದರು. ಈ ಸಂಸಾರ ಎಷ್ಟು ಒಳ್ಳೆಯದು, ತಾವು ಎಂಥ ಅದೃಷ್ಟವಂತರು ಎಂದು ಅವರಿಗೆ ನಿಜವಾಗಿಯೂ ಅನ್ನಿಸಿತು.

ಭಾನುವಾರ ಅತ್ತೆಯ ಮನೆಯಲ್ಲಿ ಹಡಗಿನವನೊಬ್ಬನನ್ನು ಬಿಟ್ಟು ಎಲ್ಲರೂ ಸೇರಿದ್ದರು. ಹೆಂಡತಿ ಕಾಗದ ಸುತ್ತಿ ತಂದಿದ್ದ ಚೌಕಟ್ಟನ್ನು ರಾಯರೇ ಮುಂದೆ ನಿಂತು ಬಿಚ್ಚಿದರು. ಅತ್ತೆ ಕನ್ನಡಕ ಏರಿಸಿ, ಬೆರಳಿಟ್ಟು ನೋಡತೊಡಗಿದರು.

"ಇವನು ದೊಡ್ಡೋನು... ಇವಳು ನಮ್ಮ ನರ್ಸಮ್ಮ... ಅಯ್ಯೋ, ನನ್ನ ಹಡಗಿನ ಮಗು! ಎಷ್ಟು ಸೊರಗಿದಾನೆ... ಇಲ್ಲಿ ನಾನು, ಪಕ್ಕದಲ್ಲಿ ನೀನು. ಎಲ್ಲಾರೂ ಇದ್ದೀರಲ್ಲೋ! ಎಲ್ಲಾರೂ ಇದ್ದೀರಿ!" ಆಕೆಯ ದನಿ ಒಡೆಯಿತು. ಸೆರಗಿಗೆ ಕೈ ಹೋಯಿತು. ನರ್ಸ್ ಮಗಳು ತಾಯಿಯ ಭುಜ ಹಿಡಿದುಕೊಂಡಳು. ತಮ್ಮ ಪತ್ತೇದಾರಿ ಲೆಕ್ಕ ಸರಿಯಾಯಿತೆಂದು ರಾಯರು ಹಿಗ್ಗಿದರು.

ಆಗ ದೊಡ್ಡ ಭಾವ ಬಗ್ಗಿ ನೋಡಿ, "ಅಲ್ಲಾ, ರಾಯರೆಲ್ಲಿ?" ಎಂದ.

ರಾಯರೂ ಬಗ್ಗಿದರು. ಹೆಂಡತಿಯ ಪಕ್ಕದಲ್ಲಿ ಅವರು ಹೊಸ ಅಂಗಿ ಹಾಕಿಕೊಂಡು, ಹೊಟ್ಟೆ ಒಳಗೆಳೆದು ನಿಂತಿದ್ದ ಕಡೆ ಕಿಟಕಿಯ ಪರದೆ ತಣ್ಣಗೆ ನೇತಾಡುತ್ತಿತ್ತು. ಬುಧವಾರ, ಬೀರು, ಟಿಕ್! ಇಡೀ ಬಳಗವನ್ನು ಫೋನಿನಲ್ಲಿ ಜಾಲಾಡಿದ ಮಹಾಪತ್ತೇದಾರರಿಗೆ ಹೆಂಡತಿ ತಮ್ಮ ಮೇಲೂ ಸಿಟ್ಟಾಗಬಹುದೆಂದು ಹೊಳೆದಿರಲೇ ಇಲ್ಲ. ಮೆಲ್ಲಗೆ ತಲೆಯೆತ್ತಿದರು.

ಆಕೆ ಅದೇ ಮೃದುವಾದ ದನಿಯಲ್ಲಿ, "ಜಾಗ ಉಳಿಸಬೇಕು ಅಂತಿದ್ರಲ್ಲ, ನಿಮ್ಮ ಒಬ್ಬರದೇ ಎಷ್ಟು ಜಾಗ ಉಳೀತು ನೋಡಿ" ಎಂದಳು. ಆಮೇಲೆ ತಡೆಯಲಾರದೆ ಫಕ್ಕನೆ ನಕ್ಕು, ಚೀಲದಿಂದ ಇನ್ನೊಂದು ಚೌಕಟ್ಟು ತೆಗೆದಳು. ಅದರಲ್ಲಿ ರಾಯರು ಹೊಟ್ಟೆ ಒಳಗೆಳೆದುಕೊಂಡು ಸುರಕ್ಷಿತವಾಗಿದ್ದರು. "ದಿನಾ ಕೆಲಸ ಮುಗಿದಮೇಲೆ ಪ್ರೆಸ್ಸಿನಲ್ಲಿ ಒಂದು ಕಾಪಿ ಇಡ್ತೀನಿ. ಕಂಪ್ಯೂಟರ್ ಕೆಟ್ಟುಹೋಗತ್ತೆ ಅಂತ ಅಲ್ಲ, ಮನೇಲಿ ನೀವಿದ್ದೀರಿ ಅಂತ."

ರಾಯರಿಗೆ ಆಕೆಯ ಕಾಲಿಗೆ ಬೀಳಬೇಕೆನ್ನಿಸಿತು. "ಅತ್ತೆ, ಅದು ಕೊಡಿ, ಇದು ತಗೊಳ್ಳಿ. ಇದೇ ಸರಿಯಾದದ್ದು" ಎಂದು ಹೊಸ ಚೌಕಟ್ಟು ಚಾಚಿದರು.

ಅತ್ತೆ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ತೂಗಿ ನೋಡಿದರು. ಕೊನೆಗೆ ರಾಯರಿದ್ದದ್ದನ್ನು ಅವರಿಗೇ ವಾಪಸ್ಸು ಕೊಟ್ಟರು.

"ಇದರಲ್ಲಿ ಏನೋ ಮೋಸ ಇದೆ ಅಳಿಯಂದಿರೇ. ನೀವೇ ಒಳಗೆ ನಿಂತ್ಕೊಂಡ್ರೆ ಫೋಟೋ ತೆಗೆದೋರು ಯಾರು?"

"ತೆಗೆದದ್ದು ನಾನಲ್ಲ ಅತ್ತೆ, ನಿಮ್ಮ ಮಗಳು!"

"ಅವಳು ಎರಡರಲ್ಲೂ ಇದಾಳಲ್ಲ. ಅವಳು ಹೇಗೆ ತೆಗೀತಾಳೆ?"

ಈ ತರ್ಕದ ಕೋಟೆಗೆ ಬಾಗಿಲೇ ಇರಲಿಲ್ಲ. ಲೇಯರು, ಕಣ್ಣು, ಗಾಜಿನ ಹಾಳೆ ಎಂದು ರಾಯರು ಏನೇನೋ ತೊದಲಿದರು. ಅತ್ತೆ ಅವರ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. "ಸಂಕೋಚ ಪಟ್ಕೋಬೇಡಿ. ಒಂದು ಕಡೆ ನಿಲ್ಲದೇ ಇರೋ ನನ್ನ ಮಕ್ಕಳನ್ನ ಜೋಡಿಸಿ ನಿಲ್ಲಿಸಬೇಕಾದ್ರೆ ನಿಮ್ಮಂಥ ಸಾಮಾನು ಜೋಡಿಸೋರೇ ಬೇಕು. ಎಲ್ಲಾರ ಕಣ್ಣೂ ಎಷ್ಟು ಪ್ರೀತಿಯಿಂದ ನಿಮ್ಮ ಕಡೇನೇ ಇದೆ ನೋಡಿ. ನಿಮ್ಮ ಉಪಕಾರ ನಾನು ಮರೆಯಲ್ಲ."

ಮಾಡದ ಕೆಲಸಕ್ಕೆ ಇಷ್ಟು ಹೊಗಳಿಕೆ, ಮಾಡಿದ ಕೆಲಸಕ್ಕೆ ಇಷ್ಟು ಕ್ಷಮೆ! ರಾಯರು ನಿಜವಾಗಿ ದುಡಿದವಳ ಕಡೆ ತಪ್ಪಿತಸ್ಥರಂತೆ ನೋಡಿದರು. ಆಕೆ ತಾಯಿಯ ಮುಖವನ್ನೇ ನೋಡುತ್ತಿದ್ದಳು, ಬೇರೇನೂ ಬೇಕಿಲ್ಲದವಳ ಹಾಗೆ. ಅತ್ತೆಯ ಮನೆಯ ಗೋಡೆ ಗಡಿಯಾರದ ಪಕ್ಕದಲ್ಲಿ ರಾಯರಿಲ್ಲದ ಫೋಟೋ ಮೊಳೆ ಹೊಡೆಸಿಕೊಂಡು ಏರಿತು.

"ಈಗಲೂ ಒಂದು ತೆಗೀರಿ ಭಾವ, ನಿಮ್ಮ ಕೈಗುಣ ಚೆನ್ನಾಗಿದೆ" ಎಂದು ನರ್ಸ್ ನಾದಿನಿ ಕಣ್ಣು ಮಿಟುಕಿಸಿದಳು. ಹೆಂಡತಿ ತನ್ನ ಫೋನನ್ನು ಅವರ ಕೈಗಿಟ್ಟು ತಾಯಿಯ ಪಕ್ಕ ಹೋಗಿ ಕೂತಳು. ಕಂಬವಿಲ್ಲದೆ, ಹಗ್ಗವಿಲ್ಲದೆ ರಾಯರು ಚಿತ್ರ ತೆಗೆಯಲು ಫೋನು ಹಿಡಿದದ್ದು ಅದೇ ಮೊದಲು. ಎಲ್ಲರೂ ಅವರತ್ತ ನೋಡಿ ನಗುತ್ತಿದ್ದರು. ರಾಯರ ಕಣ್ಣು ಮಂಜಾಯಿತು. ಆದರೂ ಬಿಗಿಯಾಗಿ ಹಿಡಿದು ಒತ್ತಿದರು.

ಹೆಂಡತಿ ಓಡಿ ಬಂದು ಪರದೆ ನೋಡಿದಳು. ಅಂಚಿನಿಂದ ಅಂಚಿನವರೆಗೆ ಒಂದೇ ಒಂದು ಹೆಬ್ಬೆರಳು, ಉಗುರು ಸಮೇತ.

"ಸದ್ಯ!" ಎಂದಳು ಆಕೆ. "ಇದರಲ್ಲಾದರೂ ನೀವು ಬಂದ್ರಲ್ಲ ರೀ."