ಖರ್ಚಾಗದ ಪಲ್ಲಾಡಿಯಂ

ನಮ್ಮ ಸಂಶೋಧನಾ ಸಂಸ್ಥೆಯ ಉಗ್ರಾಣದಲ್ಲಿ ವಸ್ತುಗಳು ಎರಡೇ ಬಗೆ. ಬಳಸಿದರೆ ಮುಗಿಯುವವು, ಬಳಸಿದರೂ ಉಳಿಯುವವು. ಸೋಪು, ಸೋಸುವ ಕಾಗದ, ಆಮ್ಲ ಮೊದಲನೆಯ ಬಗೆ. ಕುರ್ಚಿ, ಫ್ಯಾನು, ನಿರ್ದೇಶಕರ ಮೇಜು ಎರಡನೆಯ ಬಗೆ. ಇವುಗಳ ಮೇಲೆ ಬಿಳಿ ಬಣ್ಣದಲ್ಲಿ ಸಂಖ್ಯೆ ಬರೆಯಲಾಗುತ್ತದೆ, ಕೆಲಸವಾದೊಡನೆ ಹಿಂದಿರುಗಿಸಬೇಕಾಗುತ್ತದೆ. ಹತ್ತೊಂಬತ್ತು ವರ್ಷದಿಂದ ಇಲ್ಲಿ ಸಭೆಗಳ ಟಿಪ್ಪಣಿ ಬರೆಯುವ ಗುಮಾಸ್ತನಾದ ನಾನು ಮೂರನೆಯ ಬಗೆಯನ್ನು ಕಂಡಿಲ್ಲ.

ಮೂರನೇ ಮಹಡಿಯ ಸಂಶೋಧಕಿ ನಾಲ್ಕು ವರ್ಷ ಹೆಣಗಿ ಒಂದು ಔಷಧದ ಅಣುವನ್ನು ಎರಡು ಅರ್ಧಗಳಾಗಿ ತಯಾರಿಸಿದ್ದಳು. ಎರಡನ್ನೂ ಬೆಸೆಯಲು ಚಿಟಿಕೆ ಪಲ್ಲಾಡಿಯಂ ಪುಡಿ ಸಾಕು. ಆದರೆ ಅವುಗಳಲ್ಲಿ ಎಡ ಅರ್ಧವು ಒಂದು ತಿಂಗಳೊಳಗೆ ಕೆಟ್ಟುಹೋಗುವಂಥದ್ದು. ಮತ್ತೆ ತಯಾರಿಸಲು ಎರಡು ವರ್ಷ ಬೇಕು, ಅವಳ ಪಿಎಚ್.ಡಿ.ಗೆ ಉಳಿದಿದ್ದ ಅವಧಿ ಎರಡು ತಿಂಗಳು. ಏದುಸಿರು ಬಿಡುತ್ತಾ ಉಗ್ರಾಣಕ್ಕೆ ಬಂದಳು.

"ಏನಮ್ಮ ಇದು, ಪಲ್ಲಾಡಿಯಂ ಅಂದ್ರೆ?" ಎಂದು ಉಗ್ರಾಣಾಧಿಕಾರಿ ಕೇಳಿದರು.

ಅವಳು ಮಾಡಿದ ಒಂದೇ ತಪ್ಪೆಂದರೆ ನಿಜ ಹೇಳಿದ್ದು. ನಾಲ್ಕು ವರ್ಷದಲ್ಲಿ ಅವಳ ಕೆಲಸದ ಬಗ್ಗೆ ಯಾರೂ ಕೇಳಿರಲಿಲ್ಲ. ಪಾಪ, ಖುಷಿಯಾಯಿತು.

"ವೇಗವರ್ಧಕ ಸರ್. ಎರಡು ಅಣುಗಳನ್ನ ಹತ್ರ ತಂದು ಜೋಡಿಸುತ್ತೆ. ಆಮೇಲೆ ತಾನು ಪಕ್ಕಕ್ಕೆ ಸರಿದುಬಿಡುತ್ತೆ."

"ಅಂದ್ರೆ ಖರ್ಚಾಗಲ್ಲ?"

"ಪುಸ್ತಕದ ಪ್ರಕಾರ ಖರ್ಚಾಗಲ್ಲ ಸರ್."

"ನಮ್ಮ ಮಾವ ಕೆಮಿಸ್ಟ್ರಿ ಮೇಷ್ಟ್ರು. ಅವ್ರೂ ಹಾಗೇ ಅಂತಿದ್ರು," ಎನ್ನುತ್ತಾ ಅಧಿಕಾರಿಗಳು ಎರಡನೆಯ ಬಗೆಯ ರಿಜಿಸ್ಟರನ್ನು ಎಳೆದುಕೊಂಡರು.

ಪುಡಿಯ ಮೇಲೆ ಸಂಖ್ಯೆ ಬರೆಯಲು ಪೇಂಟರನ್ನು ಕರೆಸಲಾಯಿತು. ಅವನು ಭೂತಗನ್ನಡಿ ಹಿಡಿದು ಅರ್ಧ ದಿನ ನೋಡಿ, "ಕುರ್ಚಿ ಆಗಿದ್ರೆ ಬರೀತಿದ್ದೆ ಸಾರ್, ಇದಕ್ಕೆ ಬೆನ್ನೇ ಇಲ್ಲ" ಎಂದ. ಸೀಸೆಯ ಮೇಲೆ ಬರೆದರೆ ಸಾಕೇ ಎಂಬ ಪ್ರಶ್ನೆ ಸಮಿತಿಗೆ ಹೋಗಿ, ವಾರದ ಮೇಲೆ "ಸಾಕು" ಎಂದು ಹಿಂದಿರುಗಿತು.

ಸೀಸೆ ಕೈಗೆ ಬಂದದ್ದೇ ತಡ, ಅವಳು ಮೊದಲು ಸಾಧಾರಣ ಅಣುಗಳೆರಡರ ಮೇಲೆ ಪರೀಕ್ಷಿಸಿದಳು. ಬೆಸುಗೆ ಚೆನ್ನಾಗಿಯೇ ಆಯಿತು. ಸಂಜೆ ನಿಯಮದಂತೆ ಪುಡಿಯನ್ನು ಸೋಸಿ, ಒಣಗಿಸಿ, ತಂದೊಪ್ಪಿಸಿದಳು. ಕೊಂಡೊಯ್ದದ್ದು ಐವತ್ತು ಮಿಲಿಗ್ರಾಂ, ತಂದದ್ದು ನಲವತ್ತೇಳು.

"ಮೂರು ಕಾಲಿನ ಕುರ್ಚಿ ತಂದಿದ್ದೀಯಲ್ಲಮ್ಮ," ಎಂದರು ಅಧಿಕಾರಿ.

"ಸೋಸೋ ಕಾಗದಕ್ಕೆ ಸ್ವಲ್ಪ ಅಂಟಿರುತ್ತೆ ಸರ್."

"ಕಾಗದ ಮುಗಿಯೋ ವಸ್ತು. ಅದಕ್ಕೆ ಅಂಟ್ಕೊಳ್ಳೋಕೆ ಇದಕ್ಕೆ ಅನುಮತಿ ಕೊಟ್ಟೋರು ಯಾರು?"

ಮೂರು ಮಿಲಿಗ್ರಾಂ ವಿಚಾರಣಾ ಸಮಿತಿ ಎರಡು ವಾರ ಕೂತು ಆದೇಶ ಹೊರಡಿಸಿತು: "ವೇಗವರ್ಧಕವು ಕ್ರಿಯೆಯ ಕೊನೆಗೆ ಮೊದಲಿದ್ದಂತೆಯೇ ಇರತಕ್ಕದ್ದೆಂಬುದು ವಿಜ್ಞಾನದ ನಿಯಮವಾಗಿದ್ದು, ಸದರಿ ನಿಯಮ ಪಾಲನೆಯ ಸಲುವಾಗಿ ಪಲ್ಲಾಡಿಯಂ ಅನ್ನು ಉಗ್ರಾಣದ ಉಕ್ಕಿನ ಬೀರುವಿನಲ್ಲಿ ಇರಿಸತಕ್ಕದ್ದು. ಕ್ರಿಯೆಯನ್ನು ಬೀರುವಿನ ಎದುರು, ಎರಡು ಅಡಿ ಮೀರದ ಅಂತರದಲ್ಲಿ ನಡೆಸತಕ್ಕದ್ದು. ಬಾಗಿಲು ತೆರೆಯತಕ್ಕದ್ದಲ್ಲ."

ಅವಳು ನಿರ್ದೇಶಕರ ಕೋಣೆಗೇ ನುಗ್ಗಿದಳು. ಎಡ ಅರ್ಧಕ್ಕೆ ಇನ್ನು ಆರು ದಿನ ಉಳಿದಿತ್ತು.

"ಮುಟ್ಟದೆ ಅದು ಹೇಗೆ ಜೋಡಿಸುತ್ತೆ ಸರ್?"

"ನಾನು ಯಾವ ಕೆಲಸಾನೂ ಮುಟ್ಟದೆ ಈ ಸಂಸ್ಥೆ ನಡೀತಿಲ್ವೇನಮ್ಮ?" ಎಂದರು ನಿರ್ದೇಶಕರು. ನನ್ನ ಹತ್ತೊಂಬತ್ತು ವರ್ಷದ ಟಿಪ್ಪಣಿಗಳೂ ಅದನ್ನೇ ಹೇಳುತ್ತವೆ. ಅವಳು ಅರ್ಧಗಳನ್ನು ತರಲು ಮಹಡಿ ಹತ್ತಿದಳು.

ಎರಡು ಅರ್ಧಗಳನ್ನೂ ಒಂದೇ ಗಾಜಿನ ಬುರುಡೆಗೆ ಹಾಕಿ, ಬೀರುವಿನ ಎದುರು ಮೂರು ದಿನ ಕಲಕಲಾಯಿತು. ಅವು ಬೇರೆ ಬೇರೆಯಾಗಿಯೇ ಉಳಿದವು. ಪಲ್ಲಾಡಿಯಂ ತೂಗಿದಾಗ ಒಂದು ಕಣವೂ ಕಮ್ಮಿಯಾಗಿರಲಿಲ್ಲ. ಶೂನ್ಯ ನಷ್ಟದ ಈ ವಿಧಾನವನ್ನು ನಿರ್ದೇಶಕರು ಪತ್ರಿಕೆಗಳಲ್ಲಿ ಪ್ರಕಟಿಸಿದರು.

"ಅಣು ಬೇಕೋ, ಪದವಿ ಬೇಕೋ?" ಎಂದು ಅವಳ ಮಾರ್ಗದರ್ಶಕರು ಮೆಲ್ಲಗೆ ಕೇಳಿದರು. ಅವಳು ಎರಡು ದಿನ ಅತ್ತು, ಮೂರನೆಯ ದಿನ ಪ್ರಬಂಧ ಬರೆಯಲು ಕೂತಳು. ಮೌಖಿಕ ಪರೀಕ್ಷೆಯಲ್ಲಿ ಹೊರಗಿನ ಪರೀಕ್ಷಕರೊಬ್ಬರು, "ಕೊನೆಗೂ ಅವೆರಡು ಸೇರಿದವೇ?" ಎಂದರು. "ಪಲ್ಲಾಡಿಯಂ ಸ್ವಲ್ಪವೂ ಖರ್ಚಾಗಲಿಲ್ಲ ಸರ್," ಎಂದಳು. ಚಪ್ಪಾಳೆ ಬಿತ್ತು.

ಬುರುಡೆಯೊಳಗಿನ ಅರ್ಧಗಳೂ ಖರ್ಚಾಗದೆ ಉಳಿದದ್ದರಿಂದ ಅವು ಎರಡನೆಯ ಬಗೆಗೆ ಸೇರಿದವು. ಪೇಂಟರ್ ಸಂಖ್ಯೆ ಬರೆದ, ಬುರುಡೆಯೂ ಬೀರು ಸೇರಿತು. ವಾರ್ಷಿಕ ತಪಾಸಣೆಯ ದಿನ ಬೀರು ತೆರೆದಾಗ ಬುರುಡೆಯೊಳಗಿದ್ದದ್ದು ಕಪ್ಪಗೆ, ಡಾಂಬರಿನಂತೆ ತಳ ಹಿಡಿದಿತ್ತು. ಟಿಪ್ಪಣಿಯಲ್ಲಿ ಬಣ್ಣಕ್ಕೆ ಕಲಂ ಇಲ್ಲ.

ಸಹಿಗಾಗಿ ಅವಳನ್ನು ಕರೆಸಿದ್ದ ಅಧಿಕಾರಿ ಬುರುಡೆಯನ್ನು ತಕ್ಕಡಿಯಲ್ಲಿಟ್ಟು, "ನೋಡಮ್ಮ, ತೂಕ ಸರಿಯಾಗಿದೆ ತಾನೆ?" ಎಂದರು.

ಅವಳು ಬಗ್ಗಿ ನೋಡಿದಳು. ಸರಿಯಾಗಿತ್ತು. ಸಹಿ ಹಾಕಿದಳು.